ಹಳೆಯ ಫೋಟೊದಲ್ಲಿರುವ ಕೆನಡಾದ ಯುದ್ಧಕಾಲದ ಲಾರಿಯನ್ನು ಗುರುತಿಸುವುದು ಹೇಗೆ?

ಪರಿಚಯದವರೊಬ್ಬರು ಒಂದು ಫೋಟೊ ತಂದುಕೊಟ್ಟರು. ಅಂಗೈ ಅಗಲದ ಕಪ್ಪು-ಬಿಳುಪು ಚಿತ್ರ. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಈಗಲೂ ಇದೆಯಲ್ಲ, ಸೈನ್ಯದ ಅದೇ ಎಂಜಿನಿಯರ್ ಪಡೆ. ಚಿತ್ರದಲ್ಲಿ ಅಜ್ಜ ಒಂದು ಲಾರಿಯ ಮಡ್‌ಗಾರ್ಡ್‌ಗೆ ಒರಗಿ ನಿಂತಿದ್ದಾರೆ. ಕಾಲಲ್ಲಿ ಬೂಟು, ತೋಳು ಮಡಚಿದ ಅಂಗಿ, ಮುಖದಲ್ಲಿ ಸಣ್ಣ ನಗು. ಹಿಂದೆ ಬೋಳು ಗುಡ್ಡ. ಹಿಂಬದಿಯಲ್ಲಿ ಒಂದು ಅಕ್ಷರವೂ ಬರೆದಿಲ್ಲ. ಇದು ಎಲ್ಲಿ ತೆಗೆದದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಹಿಂದಿರೋದು ಅಮೆರಿಕನ್ ಲಾರಿ ಅಂತೆ" ಅನ್ನೋದಷ್ಟೇ ಮನೆಯ ಮಾತು.

ಲಾರಿ ಅಮೆರಿಕದ್ದಲ್ಲ, ಕೆನಡಾದ್ದು. ಅಷ್ಟು ಹೇಳಲು ಒಂದು ನಿಮಿಷ ಸಾಕಾಯಿತು. ಉಳಿದದ್ದನ್ನು ಹೇಳಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಮಾಡಿದ ಕೆಲಸವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಫೋಟೊ ಇದ್ದರೆ ಇದು ಕೈಹಿಡಿಯುತ್ತದೆ.

ಮೊದಲೇ ಒಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ. ಲಾರಿ ಎಲ್ಲಿ ತಯಾರಾಯಿತು ಅನ್ನೋದು ಒಂದು ಪ್ರಶ್ನೆ. ಅದು ಯಾವ ಸೈನ್ಯದ ಕೈಯಲ್ಲಿತ್ತು ಅನ್ನೋದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಜಾಸ್ತಿ ತಪ್ಪು ಆಗುತ್ತವೆ. ಯುದ್ಧದ ವರ್ಷಗಳಲ್ಲಿ ಕೆನಡಾ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನಗಳನ್ನು ತಯಾರಿಸಿತು. ಅವು ಕೆನಡಾದ ಸೈನ್ಯಕ್ಕಷ್ಟೇ ಹೋಗಲಿಲ್ಲ. ಬ್ರಿಟನ್, ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಸೋವಿಯತ್ ರಷ್ಯಾ, ಹೀಗೆ ಎಲ್ಲ ಕಡೆ ಹೋದವು. ಹಾಗಾಗಿ ಹಲಸೂರಿನ ಸ್ಯಾಪರ್ ಒಬ್ಬರ ಬೆನ್ನ ಹಿಂದೆ ಕೆನಡಾದ ಲಾರಿ ಇರುವುದು ಆಶ್ಚರ್ಯವೇನಲ್ಲ.

ಮೊದಲು ಫೋಟೊವನ್ನು ಸರಿಯಾಗಿ ಸ್ಕ್ಯಾನ್ ಮಾಡಿ

ಮೊಬೈಲಿನಲ್ಲಿ ಸುಮ್ನೆ ಒಂದು ಚಿತ್ರ ತೆಗೆದುಕೊಂಡು ಕೂರಬೇಡಿ. ಫ್ಲಾಟ್‌ಬೆಡ್ ಸ್ಕ್ಯಾನರ್ ಹುಡುಕಿ. ಆ ಕಾಲದ ಮನೆ ಫೋಟೊಗಳು ಸಾಮಾನ್ಯವಾಗಿ ತುಂಬ ಚಿಕ್ಕವು, ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಪ್ರಿಂಟ್. ಅದರಲ್ಲಿ ವಿವರ ಮಾತ್ರ ಅಡಗಿ ಕೂತಿರುತ್ತದೆ. 1200 ಡಿಪಿಐಗೆ ಇಟ್ಟು, ಕಪ್ಪು-ಬಿಳುಪು ಚಿತ್ರವಾದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ, ಟಿಫ್ ಫೈಲಾಗಿ ಉಳಿಸಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಮುದ್ರೆ, ಸೆನ್ಸಾರ್ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿದ ಗುರುತು, ಏನು ಬೇಕಾದರೂ ಸಿಗಬಹುದು. ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಅಳಿಸಿದ ಪೆನ್ಸಿಲ್ ಬರಹ ಎಷ್ಟೋ ಸಲ ಕಾಣುತ್ತದೆ.

ಒಂದು ಎಚ್ಚರಿಕೆ. ಈಗ ಹಳೆಯ ಫೋಟೊವನ್ನು 'ಸ್ಪಷ್ಟ' ಮಾಡಿಕೊಡುವ ಆ್ಯಪ್‌ಗಳು ಬಂದಿವೆ. ಗುರುತಿಸುವ ಕೆಲಸಕ್ಕೆ ಅವನ್ನು ಖಂಡಿತ ಬಳಸಬೇಡಿ. ಅವು ಇಲ್ಲದ ಗೆರೆ ಸೇರಿಸುತ್ತವೆ, ಮಸುಕಾದ ಅಂಕಿಯನ್ನು ಬೇರೆ ಅಂಕಿ ಮಾಡುತ್ತವೆ. ನಾವು ಹುಡುಕುತ್ತಿರುವುದೇ ಆ ಗೆರೆ, ಆ ಅಂಕಿ. ಬೆಳಕು, ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಿ, ಅಷ್ಟು ಸಾಕು.

ಆಮೇಲೆ ಚಿತ್ರ ಎಡ-ಬಲ ತಿರುಗಿದೆಯೇ ನೋಡಿ. ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದರೆ ಕನ್ನಡಿಯಲ್ಲಿ ಕಂಡಂತೆ ಆಗುತ್ತದೆ. ಅಕ್ಷರ ಕಂಡರೆ ತಕ್ಷಣ ಗೊತ್ತಾಗುತ್ತದೆ. ಅಕ್ಷರ ಇಲ್ಲದಿದ್ದರೆ ಜನರನ್ನು ನೋಡಿ. ಗಂಡಸರ ಅಂಗಿಯಲ್ಲಿ ಗುಂಡಿಗಳು ತೊಟ್ಟವರ ಬಲಬದಿಯ ಅಂಚಿನಲ್ಲಿರುತ್ತವೆ, ಎಡಬದಿಯ ಪಟ್ಟಿ ಮೇಲೆ ಬರುತ್ತದೆ. ಪದಕದ ರಿಬ್ಬನ್ ಎಡ ಎದೆಯ ಮೇಲಿರುತ್ತದೆ. ಇದು ಯಾಕೆ ಮುಖ್ಯ ಅಂದರೆ, ನಾವು ಹುಡುಕುವ ಲಾರಿಗಳಿಗೆ ಸ್ಟೇರಿಂಗ್ ಬಲಗಡೆ. ಚಿತ್ರ ತಿರುಗಿದ್ದರೆ ಅದು ಎಡಗಡೆ ಕಂಡು, 'ಅಮೆರಿಕನ್ ಗಾಡಿ' ಅಂತ ದಾರಿ ತಪ್ಪಿಸುತ್ತದೆ.

ಮೂಗು ನೋಡಿ

ಕೆನಡಾದ ಲಾರಿಗಳಲ್ಲಿ ಅರ್ಧದಷ್ಟು ಒಂದೇ ಕುಟುಂಬಕ್ಕೆ ಸೇರಿದವು. ಅದರ ಹೆಸರು ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್, ಬಲ್ಲವರ ಬಾಯಲ್ಲಿ ಸಿಎಂಪಿ. ಫೋರ್ಡ್ ಕಂಪನಿಯ ಕೆನಡಾ ಶಾಖೆ ಒಂಟಾರಿಯೊದ ವಿಂಡ್ಸರ್‌ನಲ್ಲಿ, ಜನರಲ್ ಮೋಟಾರ್ಸ್‌ನ ಕೆನಡಾ ಶಾಖೆ ಒಂಟಾರಿಯೊದ ಆಶವಾದಲ್ಲಿ ಇವನ್ನು ತಯಾರಿಸಿದವು. ಜನರಲ್ ಮೋಟಾರ್ಸ್ ಗಾಡಿಗಳ ಹೆಸರು ಷೆವರ್ಲೆ. ಎರಡು ಕಂಪನಿ, ಆದರೆ ವಿನ್ಯಾಸ ಒಂದೇ. 1937ರಲ್ಲೇ ಕೆನಡಾದ ರಕ್ಷಣಾ ಇಲಾಖೆ ಇಬ್ಬರಿಗೂ ಮಾದರಿ ಗಾಡಿ ಮಾಡಿಕೊಡಲು ಹೇಳಿತ್ತು.

ಸಿಎಂಪಿಯ ಗುರುತು ಅದರ ಮೋಟು ಮೂಗು. ಬಾನೆಟ್ ತೀರ ಗಿಡ್ಡ. ಯಾರೋ ಎದುರಿನಿಂದ ಗೋಡೆಗೆ ಒತ್ತಿ ಚಪ್ಪಟೆ ಮಾಡಿದ ಹಾಗೆ. ಇದಕ್ಕೆ ಕಾರಣ ಇದೆ. ಬ್ರಿಟಿಷರು ಗಿಡ್ಡ ಲಾರಿ ಕೇಳಿದ್ದರು. ಗಾಡಿ ಉದ್ದ ಕಡಿಮೆಯಾದಷ್ಟೂ ಹಡಗಿನಲ್ಲಿ ಜಾಸ್ತಿ ಗಾಡಿ ಹಿಡಿಯುತ್ತವೆ. ಆದರೆ ಒಳಗೆ ಕೂರಿಸಬೇಕಾದ್ದು ಉತ್ತರ ಅಮೆರಿಕದ ದೊಡ್ಡ ಎಂಜಿನ್. ಫೋರ್ಡ್‌ಗೆ 95 ಅಶ್ವಶಕ್ತಿಯ ವಿ8, ಷೆವರ್ಲೆಗೆ 85 ಅಶ್ವಶಕ್ತಿಯ ಆರು ಸಿಲಿಂಡರ್. ಎಂಜಿನ್ನನ್ನು ಹಿಂದಕ್ಕೆ ತಳ್ಳಿ ಕ್ಯಾಬಿನ್ನೊಳಗೇ ತುರುಕಿದರು. ಡ್ರೈವರ್ ಕಾಲು ಚಾಚಲೂ ಇಕ್ಕಟ್ಟು. ಆ ಇಕ್ಕಟ್ಟೇ ಹೊರಗಿನಿಂದ ಮೋಟು ಮೂಗಾಗಿ ಕಾಣುತ್ತದೆ.

ಪಕ್ಕದಿಂದ ತೆಗೆದ ಚಿತ್ರವಾದರೆ ಹೀಗೆ ಹೋಲಿಸಿ. ಅಮೆರಿಕದ ಜಿಎಂಸಿ ಲಾರಿಗೆ ಬಾನೆಟ್ ಉದ್ದ, ಮುಂದೆ ದಪ್ಪ ಸರಳುಗಳ ರಕ್ಷಣೆ, ಸ್ಟೇರಿಂಗ್ ಎಡಗಡೆ. ಬ್ರಿಟನ್ನಿನ ಬೆಡ್‌ಫರ್ಡ್ ಕ್ಯೂಎಲ್‌ಗೆ ಮೂಗೇ ಇಲ್ಲ, ನಮ್ಮ ಹಳೆಯ ಬಸ್ಸಿನ ಹಾಗೆ ಮುಖ ನೇರ. ಸಿಎಂಪಿ ಎರಡರ ನಡುವೆ ನಿಲ್ಲುತ್ತದೆ. ಮೂಗಿದೆ, ಆದರೆ ಮೋಟು.

ಮೂಗು ಉದ್ದ ಇದ್ದ ಮಾತ್ರಕ್ಕೆ ಕೆನಡಾದ್ದಲ್ಲ ಅಂತ ಹೇಳಲೂ ಆಗುವುದಿಲ್ಲ. ಕ್ರೈಸ್ಲರ್‌ನ ಕೆನಡಾ ಶಾಖೆ ಡಾಡ್ಜ್ ಹೆಸರಿನಲ್ಲಿ ಮಾಡಿದ ಲಾರಿಗಳು ನಾಗರಿಕ ಲಾರಿಯನ್ನೇ ಸೈನ್ಯಕ್ಕೆ ಹೊಂದಿಸಿದಂಥವು. ಅವುಗಳ ಬಾನೆಟ್ ಉದ್ದವೇ. ಇಂಥ ಗಾಡಿಗಳನ್ನು ಗುರುತಿಸಲು ಬೇರೆ ದಾರಿ ಬೇಕು. ಈ ಲೇಖನದ ಉಳಿದ ಭಾಗ ಹೆಚ್ಚಾಗಿ ಸಿಎಂಪಿಯದ್ದೇ.

ಜಾಲರಿಯ ಕಣ್ಣು: ಫೋರ್ಡೋ ಷೆವರ್ಲೆಯೋ

ನನಗೆ ತುಂಬ ಇಷ್ಟವಾದ ಹಂತ ಇದು. ರೇಡಿಯೇಟರ್ ಮುಂದಿನ ಜಾಲರಿಯನ್ನು ದೊಡ್ಡದು ಮಾಡಿ ನೋಡಿ. ಜಾಲರಿಯ ಕಣ್ಣು ಚೌಕಾಬಾರದ ಮನೆಯ ಹಾಗೆ ನೇರ ಚೌಕವಾಗಿದ್ದರೆ ಫೋರ್ಡ್. ಶಂಕರಪೋಳಿ ಕತ್ತರಿಸಿದ ಹಾಗೆ ಓರೆಯಾಗಿದ್ದರೆ ಷೆವರ್ಲೆ. ಅಷ್ಟೇ. ಹೆಸರಿನ ಪಟ್ಟಿ ಓದಲು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಜಾಲರಿ ಹೇಳುತ್ತದೆ.

ಚಿತ್ರ ಮಸುಕಾಗಿದ್ದು ಕಣ್ಣುಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಅಂಚು ನೋಡಿ. ಚೌಕದ ಜಾಲರಿಯ ಗೆರೆಗಳು ಚೌಕಟ್ಟಿನ ಬದಿಗೆ ಸಮವಾಗಿ ಓಡುತ್ತವೆ. ಓರೆ ಜಾಲರಿಯ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ನನ್ನ ಕೈಗೆ ಬಂದ ಫೋಟೊದಲ್ಲಿ ಅಜ್ಜನ ಮೊಣಕೈ ಜಾಲರಿಯ ಅರ್ಧವನ್ನು ಮರೆಮಾಡಿತ್ತು. ಉಳಿದರ್ಧದ ಕೆಳಮೂಲೆಯಲ್ಲಿ ನಾಲ್ಕೈದು ಹಲ್ಲು ಸ್ಪಷ್ಟವಾಗಿ ಕಂಡವು. ಷೆವರ್ಲೆ.

ಜಾಲರಿಯೇ ಇಲ್ಲದ ಗಾಡಿಗಳೂ ಇವೆ. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಶತ್ರುವಿನ ಹಿಂದೆ ನುಸುಳುತ್ತಿದ್ದ ಬ್ರಿಟಿಷ್ ಪಡೆ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ 1941ರಲ್ಲಿ ಫೋರ್ಡ್ ಎಫ್30 ಸಿಎಂಪಿಗಳನ್ನು ಓಡಿಸಿತು. ರೇಡಿಯೇಟರ್‌ಗೆ ಗಾಳಿ ಚೆನ್ನಾಗಿ ಸಿಗಲಿ ಅಂತ ಜಾಲರಿ ಕಿತ್ತರು. ಕ್ಯಾಬಿನ್ನಿನ ಚಾವಣಿ, ಬಾಗಿಲನ್ನೂ ತೆಗೆದರು. ಅಂಥ ಚಿತ್ರದಲ್ಲಿ ಮೂಗಿನ ಆಕಾರ ಒಂದೇ ಗತಿ.

ಮುಂಗಾಜು: ಫೋಟೊ ಯಾವಾಗಿನದು

ಸಿಎಂಪಿ ಕ್ಯಾಬಿನ್ನಿನಲ್ಲಿ ಮೂರು ತಲೆಮಾರು. 11, 12, 13 ಅಂತ ನಂಬರು. 11 ಮೊದಲು ಬಂತು, ಹಿಂದೆಯೇ 12. 13ನೆಯದು 1941ರಲ್ಲಿ ಶುರುವಾಗಿ ಯುದ್ಧ ಮುಗಿಯುವ ತನಕ ನಡೆಯಿತು.

11 ಮತ್ತು 12ರಲ್ಲಿ ಮುಂಗಾಜು ನೆಟ್ಟಗೆ ನಿಂತಿರುತ್ತದೆ. 13ರಲ್ಲಿ ಗಾಜಿನ ಮೇಲ್ತುದಿ ಮುಂದಕ್ಕೆ ಬಂದು ಕೆಳತುದಿ ಒಳಕ್ಕೆ ಸರಿದಿರುತ್ತದೆ. ಕನ್ನಡಕ ಹಾಕಿಕೊಂಡವರು ತಲೆ ತಗ್ಗಿಸಿ ಪುಸ್ತಕ ಓದುತ್ತಾರಲ್ಲ, ಆ ಓರೆ. ನಮ್ಮ ಈಗಿನ ಕಾರುಗಳ ಗಾಜಿನ ಓರೆಗೆ ಪೂರ್ತಿ ಉಲ್ಟಾ. ಬಿಸಿಲು ಗಾಜಿಗೆ ಬಡಿದು ಮೇಲಕ್ಕೆ ಮಿಂಚಿದರೆ ವಿಮಾನದಲ್ಲಿರುವವನಿಗೆ ಲಾರಿ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ಹೀಗೆ ಬಾಗಿಸಿದರೆ ಮಿಂಚು ನೆಲಕ್ಕೆ ಬೀಳುತ್ತದೆ. ಡ್ರೈವರನ ಕಣ್ಣಿಗೂ ಬಿಸಿಲ ಕಾಟ ಕಡಿಮೆ. 13ರಲ್ಲಿ ಪೆಡಲ್‌ಗಳ ಹತ್ತಿರ ಕಾಲಿಗೂ ಸ್ವಲ್ಪ ಜಾಗ ಸಿಕ್ಕಿತು.

11 ಮತ್ತು 12ನ್ನು ಬೇರೆ ಮಾಡುವುದು ಕಷ್ಟ. 12ರ ಬಾನೆಟ್ ರೇಡಿಯೇಟರ್ ಮೇಲಿನಿಂದ ಮೊಸಳೆ ಬಾಯಿ ಕಳೆದ ಹಾಗೆ ಅಗಲವಾಗಿ ತೆರೆಯುತ್ತದೆ. ಬಲ್ಲವರು ಅದನ್ನು 'ಅಲಿಗೇಟರ್' ಅಂತಲೇ ಕರೆಯುತ್ತಾರೆ. ಬಾನೆಟ್ ತೆರೆದಿರುವ ಚಿತ್ರವಾದರೆ ಸುಲಭ. ಮುಚ್ಚಿದ್ದು ಮಸುಕಾಗಿದ್ದರೆ '11 ಅಥವಾ 12' ಅಂತ ಬರೆದು ಮುಂದೆ ಹೋಗಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದಕ್ಕಿಂತ ಇದು ಮೇಲು.

ಕ್ಯಾಬಿನ್ ನಂಬರಿನಿಂದ ಫೋಟೊದ ಕಾಲಕ್ಕೆ ಒಂದು ಗಡಿ ಸಿಗುತ್ತದೆ. 13ರ ಕ್ಯಾಬಿನ್ ಇರುವ ಚಿತ್ರ 1940ರ ಡಂಕರ್ಕ್‌ನದ್ದು ಆಗಲಾರದು, ಮೂಲ ಶೀರ್ಷಿಕೆಯಲ್ಲಿ ಹಾಗೆ ಬರೆದಿದ್ದರೂ ಸರಿ. ಆದರೆ ಉಲ್ಟಾ ಲೆಕ್ಕ ಹಾಕಬೇಡಿ. 11ರ ಕ್ಯಾಬಿನ್ ಕಂಡ ಮಾತ್ರಕ್ಕೆ ಚಿತ್ರ 1940ರದ್ದು ಅಂತಲ್ಲ. ಒಳ್ಳೆಯ ಲಾರಿ ಐದು ವರ್ಷವೂ ಓಡುತ್ತದೆ, ಇಪ್ಪತ್ತು ವರ್ಷವೂ ಓಡುತ್ತದೆ.

ಚಕ್ರದಿಂದ ಲೆಕ್ಕ ಹಾಕಿ

ಈ ಹಂತಕ್ಕೆ ಸ್ವಲ್ಪ ತಾಳ್ಮೆ ಬೇಕು. ಆದರೆ ಫೋಟೊ ಮೇಲೆ ಅಳತೆಪಟ್ಟಿ ಇಟ್ಟು ಲಾರಿಯ ಮಾದರಿ ಹೇಳುವ ಖುಷಿಯೇ ಬೇರೆ.

ಮೊದಲು ಹೆಸರಿನ ಗುಟ್ಟು ತಿಳಿದುಕೊಳ್ಳಿ. ಬ್ರಿಟಿಷರು ಹೊರೆಯನ್ನು ಹಂಡ್ರೆಡ್‌ವೇಟ್‌ನಲ್ಲಿ ಅಳೆಯುತ್ತಿದ್ದರು. ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, ಸುಮಾರು 51 ಕಿಲೊ. 20 ಸೇರಿದರೆ ಒಂದು ಬ್ರಿಟಿಷ್ ಟನ್. ಹಾಗಾಗಿ ಫೋರ್ಡ್ ಎಫ್15 ಅಂದರೆ 15 ಹಂಡ್ರೆಡ್‌ವೇಟ್ ಹೊರುವ ಫೋರ್ಡ್. ಷೆವರ್ಲೆ ಸಿ30 ಅಂದರೆ 30 ಹೊರುವ ಷೆವರ್ಲೆ. 60 ಅಂದರೆ ಮೂರು ಟನ್, ನಮ್ಮ ಮಿಲಿಟರಿಯವರ ಬಾಯಲ್ಲಿ ಇವತ್ತಿಗೂ ಇರುವ 'ತ್ರೀ ಟನ್ನರ್'. ಮೂರು ಟನ್ನಿನದರಲ್ಲಿ ಕೊನೆಗೆ ಎಸ್ ಇದ್ದರೆ ಗಿಡ್ಡ ಚಾಸಿ, ಎಲ್ ಇದ್ದರೆ ಉದ್ದ ಚಾಸಿ. 15ರಲ್ಲಿ ಕೊನೆಗೆ ಎ ಸೇರಿದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ.

ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನ ತನಕ ಇರುವ ದೂರವೇ ವೀಲ್‌ಬೇಸ್. ಸಿಎಂಪಿಯಲ್ಲಿ ಇದು ಮುಖ್ಯವಾಗಿ ಮೂರು ಅಳತೆಯಲ್ಲಿ ಬರುತ್ತದೆ. 15 ಹಂಡ್ರೆಡ್‌ವೇಟ್‌ಗೂ ಫಿರಂಗಿ ಎಳೆಯುವ ಗಾಡಿಗೂ ಸುಮಾರು 101 ಇಂಚು. 30 ಹಂಡ್ರೆಡ್‌ವೇಟ್‌ಗೂ ಗಿಡ್ಡ ಮೂರು ಟನ್ನಿಗೂ 134 ಇಂಚು. ಉದ್ದ ಮೂರು ಟನ್ನಿಗೆ 158 ಇಂಚು.

ಫೋಟೊದಲ್ಲಿ ಇಂಚು ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಟೈರನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಮೂರು ಟನ್ನಿನ ಟೈರ್ 10.50-20. ಅಂದರೆ 20 ಇಂಚಿನ ರಿಮ್, ಅದರ ಮೇಲೂ ಕೆಳಗೂ ಸುಮಾರು ಹತ್ತೂವರೆ ಇಂಚು ರಬ್ಬರ್. ಒಟ್ಟು ಸುಮಾರು 41 ಇಂಚು. 158ನ್ನು 41ರಿಂದ ಭಾಗಿಸಿ, 3.85 ಬರುತ್ತದೆ. 134 ಆದರೆ 3.3. ಅಂದರೆ ಎರಡು ಚಕ್ರಗಳ ನಡುಬಿಂದುಗಳ ನಡುವೆ ಟೈರಿನ ಅಡ್ಡಗಲ, ಅಂದರೆ ವ್ಯಾಸ, ಎಷ್ಟು ಸಲ ಹಿಡಿಯುತ್ತದೆ ಅಂತ ನೋಡಿದರೆ ಸಾಕು. ಹತ್ತಿರ ಹತ್ತಿರ ನಾಲ್ಕು ಸಲ ಹಿಡಿದರೆ ಉದ್ದದ್ದು. ಮೂರು ಸಲ ಹಿಡಿದು ಸ್ವಲ್ಪ ಉಳಿದರೆ ಗಿಡ್ಡದ್ದು.

30 ಹಂಡ್ರೆಡ್‌ವೇಟ್‌ಗೆ ಟೈರ್ 10.50-16, ಸುಮಾರು 37 ಇಂಚು. ವೀಲ್‌ಬೇಸ್ ಅದೇ 134, ಭಾಗಿಸಿದರೆ 3.6. ಇದಕ್ಕೆ ರಿಮ್ ಚಿಕ್ಕದಾದ್ದರಿಂದ ರಬ್ಬರ್ ದಪ್ಪ ಕಾಣುತ್ತದೆ, ವಡೆಯ ತೂತು ಚಿಕ್ಕದಾದ ಹಾಗೆ. 15 ಹಂಡ್ರೆಡ್‌ವೇಟ್‌ಗೆ 9.00-16 ಟೈರ್, 34 ಇಂಚು. 101ನ್ನು 34ರಿಂದ ಭಾಗಿಸಿದರೆ 3ರ ಆಸುಪಾಸು. ಫಿರಂಗಿ ಎಳೆಯುವ ಗಾಡಿಗೆ ಚಾಸಿ ಗಿಡ್ಡ, ಟೈರ್ ಮಾತ್ರ ಮೂರು ಟನ್ನಿನಷ್ಟೇ ದೊಡ್ಡದು. ಹಾಗಾಗಿ 2.5ರ ಹತ್ತಿರ. ಅದು ನೋಡಲೂ ದೊಡ್ಡ ಬೂಟು ಹಾಕಿಕೊಂಡ ಹುಡುಗನ ಹಾಗಿರುತ್ತದೆ.

ಅಳೆಯುವಾಗ ಟೈರಿನ ಎತ್ತರ ಅಳೆಯಬೇಡಿ, ಅಡ್ಡಗಲ ಅಳೆಯಿರಿ. ಮೇಲ್ಭಾಗ ಮಡ್‌ಗಾರ್ಡ್‌ನಲ್ಲಿ ಮುಚ್ಚಿರುತ್ತದೆ, ಕೆಳಭಾಗ ಹೊರೆಗೆ ಚಪ್ಪಟೆಯಾಗಿ ಮಣ್ಣಲ್ಲಿ ಹೂತಿರುತ್ತದೆ. ಇನ್ನೊಂದು ಅನುಕೂಲವೂ ಇದೆ. ಫೋಟೊ ಸ್ವಲ್ಪ ಓರೆಯಾಗಿದ್ದರೆ ಲಾರಿಯ ಉದ್ದ ಕುಗ್ಗಿ ಕಾಣುತ್ತದೆ, ಟೈರಿನ ಅಡ್ಡಗಲವೂ ಅಷ್ಟೇ ಕುಗ್ಗುತ್ತದೆ. ಎರಡೂ ಸಮನಾಗಿ ಕುಗ್ಗುವುದರಿಂದ ಲೆಕ್ಕ ಜಾಸ್ತಿ ಕೆಡುವುದಿಲ್ಲ. ಹತ್ತಿರದ ಚಕ್ರ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಎರಡನ್ನೂ ಅಳೆದು ಸರಾಸರಿ ತೆಗೆಯಿರಿ. ತೀರ ಎದುರಿನಿಂದ ತೆಗೆದ ಚಿತ್ರಕ್ಕೆ ಈ ಉಪಾಯ ನಡೆಯುವುದಿಲ್ಲ. ನನ್ನ ಫೋಟೊ ಓರೆಯಾಗಿತ್ತು. ಪರದೆಯ ಮೇಲೆ ಟೈರಿನ ಸರಾಸರಿ ಅಡ್ಡಗಲ 31 ಮಿಲಿಮೀಟರ್, ಚಕ್ರಗಳ ನಡುವಿನ ದೂರ 118. ಭಾಗಿಸಿದರೆ 3.8. ಉದ್ದ ಚಾಸಿಯ ಮೂರು ಟನ್, ಸಿ60ಎಲ್.

ಚಕ್ರದ ಹತ್ತಿರ ಇರುವಾಗಲೇ ಇನ್ನೆರಡು ವಿಷಯ ನೋಡಿಕೊಳ್ಳಿ. ಹಿಂದೆ ಪ್ರತಿ ಬದಿಗೆ ಒಂದೇ ಟೈರ್ ಇದೆಯೋ ಜೋಡಿ ಇದೆಯೋ? ನಾಲ್ಕು ಚಕ್ರದ ಡ್ರೈವ್ ಇರುವ ಮೂರು ಟನ್ ಸಿಎಂಪಿಗೆ ಒಂದೇ ದೊಡ್ಡ ಟೈರ್, ಅಮೆರಿಕದ ಜಿಎಂಸಿಗೆ ಜೋಡಿ. ಹಾಗೇ ಮುಂದಿನ ಆಕ್ಸಲ್ ಕಂಡರೆ ಅದರ ನಡುವೆ ಡಿಫರೆನ್ಷಿಯಲ್‌ನ ಉಬ್ಬು ಇದೆಯೇ ನೋಡಿ. ಉಬ್ಬು ಇದ್ದರೆ ಮುಂದಿನ ಚಕ್ರಕ್ಕೂ ಬಲ ಇದೆ ಅಂತ ಅರ್ಥ. ಆರು ಚಕ್ರದ ಸಿಎಂಪಿಗಳೂ ಇವೆ, ಫೋರ್ಡ್ ಎಫ್60ಎಚ್ ಮತ್ತು ಷೆವರ್ಲೆ ಸಿ60ಎಕ್ಸ್.

ಮೈ

ಹಿಂದಿನ ಬಾಡಿ ನೋಡಿ ಲಾರಿಯ ಕೆಲಸ ಹೇಳಬಹುದು, ತಯಾರಕರನ್ನು ಹೇಳಲಾಗದು. ಕಮಾನಿನ ಮೇಲೆ ಟಾರ್ಪಾಲಿನ್ ಹೊದಿಸಿದ್ದು ಸಾಮಾನು ಲಾರಿ. ಪೆಟ್ಟಿಗೆಯಂಥ ಮುಚ್ಚಿದ ಬಾಡಿಯಾದರೆ ವೈರ್‌ಲೆಸ್, ವರ್ಕ್‌ಶಾಪ್ ಅಥವಾ ಆಂಬುಲೆನ್ಸ್. ನೀರಿನ ಟ್ಯಾಂಕು, ಕೆಟ್ಟ ಗಾಡಿ ಎಳೆಯುವ ಕ್ರೇನು ನೋಡಿದ ಕೂಡಲೇ ಗೊತ್ತಾಗುತ್ತವೆ. ಬೆನ್ನು ಇಳಿಜಾರಾಗಿ, ಹಿಂದೆ 25 ಪೌಂಡರ್ ಫಿರಂಗಿ ಕಟ್ಟಿಕೊಂಡಿದ್ದರೆ ಅದು ಫಿರಂಗಿ ಎಳೆಯುವ ಗಾಡಿ. ಬ್ರಿಟನ್ನಿನ ಮಾರಿಸ್ ಗಾಡಿಯೂ ಹೀಗೇ ಕಾಣುತ್ತದೆ, ಆದ್ದರಿಂದ ಮತ್ತೆ ಮೂಗಿಗೇ ಬನ್ನಿ.

ಈಗ ಎರಡನೇ ಪ್ರಶ್ನೆ: ಯಾರ ಗಾಡಿ?

ಇಲ್ಲಿಯ ತನಕ ಲಾರಿಯ ಹುಟ್ಟು ನೋಡಿದೆವು. ಇನ್ನು ಅದರ ಮೇಲೆ ಬಣ್ಣದಲ್ಲಿ ಬರೆದದ್ದನ್ನು ಓದಬೇಕು.

ಬಾನೆಟ್ ಬದಿಯಲ್ಲಿ ಅಥವಾ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಕ್ಷರ, ಅದರ ಮುಂದೆ ಉದ್ದದ ಸಂಖ್ಯೆ ಇರುತ್ತದೆ. ಬ್ರಿಟಿಷ್ ಕ್ರಮದಲ್ಲಿ ಒಂದು ಟನ್ನಿಗಿಂತ ಕಡಿಮೆ ಹೊರುವುದಕ್ಕೆ ಝಡ್, ಅದಕ್ಕಿಂತ ದೊಡ್ಡ ಲಾರಿಗೆ ಎಲ್, ಎಳೆಯುವ ಗಾಡಿಗೆ ಎಚ್. ಕೆನಡಾದ ಸೈನ್ಯ ಇದೇ ಅಕ್ಷರದ ಹಿಂದೆ ಒಂದು ಸಿ ಸೇರಿಸಿತು. ಹಾಗಾಗಿ ಸಿಝಡ್ ಅಂದರೆ ಕೆನಡಾ ಸೈನ್ಯದ ಸಣ್ಣ ಗಾಡಿ, ಸಿಎಲ್ ಅಂದರೆ ಕೆನಡಾ ಸೈನ್ಯದ ಲಾರಿ. ಇಷ್ಟು ಓದಲು ಸಿಕ್ಕರೆ ಯಾರ ಗಾಡಿ ಅನ್ನುವ ಪ್ರಶ್ನೆ ಅಲ್ಲಿಗೇ ಬಗೆಹರಿಯುತ್ತದೆ. ನಿಮ್ಮ ಚಕ್ರದ ಲೆಕ್ಕವನ್ನೂ ಇದರಿಂದ ತಾಳೆ ನೋಡಬಹುದು. ಟೈರ್ ಲೆಕ್ಕ 15 ಹಂಡ್ರೆಡ್‌ವೇಟ್ ಅಂದು, ಬಾನೆಟ್ ಮೇಲೆ ಎಲ್ ಇದ್ದರೆ ಎಲ್ಲೋ ತಪ್ಪಿದೆ. ಮತ್ತೆ ಅಳೆಯಿರಿ.

ಆಮೇಲೆ ಮಡ್‌ಗಾರ್ಡ್ ಅಥವಾ ಬಂಪರ್ ಮೇಲಿನ ಚಿಕ್ಕ ಚಿತ್ರಗಳು. ಒಂದು ಕಡೆ ಡಿವಿಷನ್ನಿನ (ಸಾವಿರಾರು ಸೈನಿಕರ ದೊಡ್ಡ ಪಡೆಯ) ಗುರುತು, ಇನ್ನೊಂದು ಕಡೆ ಪಡೆಯ ವಿಭಾಗ ಹೇಳುವ ಬಣ್ಣದ ಚೌಕ. ಕೆನಡಾದ ಡಿವಿಷನ್‌ಗಳ ಗುರುತು ಮುಖ್ಯವಾಗಿ ಬಣ್ಣ. 1ನೇ ಡಿವಿಷನ್ ಕೆಂಪು, 2ನೆಯದು ಕಡು ನೀಲಿ, 3ನೆಯದು ನೀಲಿಗೆ ತಿರುಗಿದ ಬೂದು, 4ನೆಯದು ಹಸಿರು, 5ನೆಯದು ಮರೂನ್. ಭಾರತದ ಡಿವಿಷನ್‌ಗಳು ಚಿತ್ರ ಬಳಸಿದವು. 4ನೆಯದಕ್ಕೆ ಕಪ್ಪಿನ ಮೇಲೆ ಕೆಂಪು ಹದ್ದು, 5ನೆಯದಕ್ಕೆ ಕಪ್ಪಿನ ಮೇಲೆ ಕೆಂಪು ವೃತ್ತ, 8ನೆಯದಕ್ಕೆ ಮೂರು ಕ್ಲೋವರ್ ಎಲೆ, 17ನೆಯದಕ್ಕೆ ಕಪ್ಪು ಬೆಕ್ಕು. ಬಣ್ಣದ ಚೌಕದಲ್ಲಿ ಮೇಲೆ ಕೆಂಪು, ಕೆಳಗೆ ನೀಲಿ ಇದ್ದರೆ ಫಿರಂಗಿ ದಳ. ಪೂರ್ತಿ ನೀಲಿ ಇದ್ದರೆ ಎಂಜಿನಿಯರ್‌ಗಳು, ಅಂದರೆ ಸ್ಯಾಪರ್‌ಗಳೂ.

ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ಎಲ್ಲಿಂದ ಬಂತು ಅಂತೀರಾ? ಎಷ್ಟೋ ಜನ ಎಡವುವ ಜಾಗ ಇದೇ. ಆ ಕಾಲದಲ್ಲಿ ಹವ್ಯಾಸಿಗಳು ಬಳಸುತ್ತಿದ್ದ ಹಲವು ಫಿಲ್ಮ್‌ಗಳು ಆರ್ಥೊಕ್ರೊಮ್ಯಾಟಿಕ್. ಕೊಡಾಕ್‌ನ ವೆರಿಕ್ರೋಮ್ 1956ರ ತನಕ ಇದೇ ಜಾತಿ. ಈ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಕೆಂಪು ಹೆಚ್ಚುಕಡಿಮೆ ಕಪ್ಪಾಗಿ ಬರುತ್ತದೆ, ನೀಲಿ ತೆಳುವಾಗಿ ಬರುತ್ತದೆ. ಅಂದರೆ ಕೆನಡಾ 1ನೇ ಡಿವಿಷನ್ನಿನ ಕೆಂಪು ಪಟ್ಟಿ ಕಪ್ಪಾಗಿ ಕಂಡು, 2ನೆಯದರ ಕಡು ನೀಲಿ ಅದಕ್ಕಿಂತ ತೆಳುವಾಗಿ ಕಾಣಬಹುದು. ಸೇತುವೆ ದಾಟಲು ಎಷ್ಟು ಭಾರ ಅಂತ ತೋರಿಸುವ ಹಳದಿ ಬಿಲ್ಲೆಯೂ ಮಂಕಾಗಿ, ಅದರ ಮೇಲಿನ ಕಪ್ಪು ಅಂಕಿ ಮರೆಯಾಗಬಹುದು. ನಿಮ್ಮ ಫೋಟೊ ಯಾವ ಫಿಲ್ಮಿನದು ಅಂತ ಊಹಿಸಲು ಆಕಾಶ ನೋಡಿ, ತುಟಿ ನೋಡಿ. ಆಕಾಶ ಬರೀ ಬಿಳಿಯಾಗಿ, ತುಟಿ ಮತ್ತು ಮುಖ ಅಗತ್ಯಕ್ಕಿಂತ ಕಪ್ಪಾಗಿದ್ದರೆ ಆರ್ಥೊ ಇರಬಹುದು.

ಅಜ್ಜನ ಫೋಟೊದಲ್ಲಿ ಆಕಾಶ ಸುಣ್ಣ ಬಳಿದ ಗೋಡೆಯಂತಿತ್ತು. ಎಡ ಮಡ್‌ಗಾರ್ಡ್ ಮೇಲೆ ಬರೀ ಒಂದು ಕಪ್ಪು ಚೌಕ. ಮೊದಲ ಮೂರು ದಿನ ನಾನು ಅದನ್ನು ಖಾಲಿ ಚೌಕ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು. ಕಪ್ಪಿನ ಮೇಲೆ ಕೆಂಪು ಬರೆದಿದ್ದರೆ ಈ ಫಿಲ್ಮ್‌ನಲ್ಲಿ ಎರಡೂ ಕಪ್ಪೇ! ಹಾಗಾದರೆ ಹದ್ದೂ ಇರಬಹುದು, ಕೆಂಪು ವೃತ್ತವೂ ಇರಬಹುದು. ಈ ವ್ಯತ್ಯಾಸ ಸಣ್ಣದಲ್ಲ. 4ನೇ ಡಿವಿಷನ್ 1944ರಲ್ಲಿ ಇಟಲಿಯ ಕಸಿನೊದಲ್ಲಿ ಕಾದಿತು. 5ನೆಯದು ಆ ಹೊತ್ತಿಗೆ ಬರ್ಮಾ ಕಡೆಯ ಯುದ್ಧದಲ್ಲಿತ್ತು. ಸ್ಕ್ಯಾನಿನ ಕತ್ತಲ ಭಾಗವನ್ನಷ್ಟೇ ಆರಿಸಿ ನಿಧಾನವಾಗಿ ಬೆಳಕು ಏರಿಸುತ್ತ ಹೋದೆ. ಕಪ್ಪೊಳಗೆ ಇನ್ನೊಂದು ಚೂರು ತೆಳು ಕಪ್ಪು ಬಿಟ್ಟುಕೊಂಡಿತು. ದುಂಡಗಿರಲಿಲ್ಲ. ಒಂದು ಬದಿಯಲ್ಲಿ ರೆಕ್ಕೆಯ ಗರಿಯಂತೆ ಮೂರು ಚೂಪು ತುದಿ. ಮೈಯೆಲ್ಲ ಜುಮ್ಮೆಂದಿತು.

ದಾರಿ ತಪ್ಪಿಸುವ ಸಂಗತಿಗಳು

ಬಾನೆಟ್ ಅಥವಾ ಚಾವಣಿ ಮೇಲೆ ವೃತ್ತದೊಳಗೆ ಬಿಳಿ ನಕ್ಷತ್ರ ಕಂಡರೆ 'ಅಮೆರಿಕ' ಅನ್ನುವವರೇ ಜಾಸ್ತಿ. ಅದು ಮಿತ್ರಪಕ್ಷಗಳೆಲ್ಲ ಬಳಸಿದ ಗುರುತು. ತಮ್ಮ ವಿಮಾನಗಳೇ ತಮ್ಮ ಮೇಲೆ ಬಾಂಬು ಹಾಕದಿರಲಿ ಅಂತ. 1944ರ ನಾರ್ಮಂಡಿಯ ಕೆನಡಾ ಲಾರಿಗಳ ಮೇಲೂ ಇದೆ.

ಜರ್ಮನ್ ಶಿಲುಬೆಯ ಗುರುತಿರುವ ಸಿಎಂಪಿಗಳೂ ಉಂಟು. ಉತ್ತರ ಆಫ್ರಿಕಾದಲ್ಲಿ ಜರ್ಮನ್ನರು ವಶಪಡಿಸಿಕೊಂಡ ಕೆನಡಾದ ಲಾರಿಗಳನ್ನು ತಾವೇ ಓಡಿಸಿದರು. ಹಾಗೆಯೇ ಇಟಲಿಯಲ್ಲಿ ತೆಗೆದ ಚಿತ್ರವಾದರೆ ಭಾರತದ ಪಡೆಯೂ ಕೆನಡಾದ ಪಡೆಯೂ ಅಕ್ಕಪಕ್ಕ ಇದ್ದವು. 1944ರ ಮೇನಲ್ಲಿ ಭಾರತದ 8ನೇ ಡಿವಿಷನ್ ಗಾರಿ ನದಿ ದಾಟುವಾಗ ಬೆಂಬಲಕ್ಕೆ ಬಂದದ್ದು ಕೆನಡಾದ ಟ್ಯಾಂಕುಗಳು. ಒಂದೇ ರಸ್ತೆ, ಒಂದೇ ಧೂಳು, ಒಂದೇ ಜಾತಿಯ ಲಾರಿ. ಹಾಗಾಗಿ ಜನರ ಟೋಪಿ, ಪೇಟ, ಭುಜಪಟ್ಟಿಯನ್ನೂ ನೋಡಿ.

ಭಾರತದಲ್ಲಿ ತೆಗೆದ ಚಿತ್ರಗಳಲ್ಲಿ ಇನ್ನೊಂದು ತೊಡಕು. ಇಲ್ಲಿಗೆ ಸಿಎಂಪಿಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು, ಇಲ್ಲೇ ಜೋಡಣೆಯಾದದ್ದೂ ಉಂಟು. ಕೆನಡಾದ ಫೋರ್ಡ್ ಚಾಸಿ ಮೇಲೆ ನಮ್ಮಲ್ಲೇ ಉಕ್ಕಿನ ಕವಚ ಕೂರಿಸಿ ಮಾಡಿದ ಗಾಡಿಗೆ 'ಟಾಟಾನಗರ' ಅಂತಲೇ ಹೆಸರು ಬಿತ್ತು. ಮೂಗು ಮುಚ್ಚಿಹೋಗಿದ್ದರೂ ಅದರ ಹೊಟ್ಟೆಯೊಳಗಿರುವುದು ಕೆನಡಾ. ಯುದ್ಧ ಮುಗಿದ ಮೇಲೆ ಹರಾಜಾದ ಸಿಎಂಪಿಗಳು ಮರ ಸಾಗಿಸಲು, ಕೆಟ್ಟ ಗಾಡಿ ಎಳೆಯಲು ವರ್ಷಗಟ್ಟಲೆ ದುಡಿದವು. ಗ್ಯಾರೇಜ್ ಮುಂದೆ ಮೋಟು ಮೂಗಿನ ಹಳೆಯ ಕ್ರೇನ್ ಕಂಡರೆ ಒಂದು ಕ್ಷಣ ನಿಂತು ಜಾಲರಿ ನೋಡಿ.

ಕೊನೆಗೆ ಬರೆದಿಡಿ

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ಹತ್ತು ವರ್ಷ ಕಳೆದ ಮೇಲೆ ಬೇರೆ ಯಾರೋ ನೋಡಿದಾಗ ನೀವು ಯಾವುದನ್ನು ಕಣ್ಣಾರೆ ಕಂಡಿರಿ, ಯಾವುದನ್ನು ಅಂದಾಜು ಮಾಡಿದಿರಿ ಅಂತ ತಿಳಿಯಬೇಕು. ಫೋಟೊ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ, ಗುರುತು ಮುಂದಕ್ಕೆ ಒತ್ತುತ್ತದೆ. ಬೇರೆ ಕಾಗದದಲ್ಲಿ ಬರೆದು ಫೋಟೊ ಜೊತೆ ಲಕೋಟೆಯಲ್ಲಿಡಿ. ಹೋಲಿಸಿ ನೋಡಲು ಚಿತ್ರ ಬೇಕಾದರೆ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಸ್ಥೆ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್, ಈ ಮೂರೂ ಕಡೆಯ ಸಂಗ್ರಹವನ್ನು ಆನ್‌ಲೈನಿನಲ್ಲಿ ಹುಡುಕಬಹುದು.

ಆ ಫೋಟೊಗೆ ನಾನು ಬರೆದುಕೊಟ್ಟದ್ದು ಹೀಗಿದೆ:

"ಕಂಡದ್ದು: ಸಿಎಂಪಿ ಲಾರಿ, 13ನೇ ಕ್ಯಾಬಿನ್, ಓರೆ ಜಾಲರಿ, ಆದ್ದರಿಂದ ಷೆವರ್ಲೆ. ಅಳತೆ 3.8, ಉದ್ದ ಚಾಸಿಯ ಮೂರು ಟನ್. ಬಾನೆಟ್ ಮೇಲೆ ಎಲ್ ಅಕ್ಷರ, ಹಿಂದೆ ಸಿ ಇಲ್ಲ. ಸಂಖ್ಯೆ ಓದಲಾಗುತ್ತಿಲ್ಲ. ಊಹೆ: ಮಡ್‌ಗಾರ್ಡ್ ಮೇಲಿನದು ಭಾರತದ 4ನೇ ಡಿವಿಷನ್ನಿನ ಕೆಂಪು ಹದ್ದು ಇರಬಹುದು. ಹಾಗಿದ್ದರೆ ಸ್ಥಳ ಇಟಲಿ ಆಗಿರುವ ಸಾಧ್ಯತೆ ಇದೆ. ಗುಡ್ಡ ಯಾವುದೆಂದು ತಿಳಿದಿಲ್ಲ."

ಅದನ್ನು ಓದಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಜ್ಜ ಒಲಿವ್ ಮರದ ಬಗ್ಗೆ ಹೇಳುತ್ತಿದ್ದರಂತೆ, ನಮ್ಮ ನೇರಳೆ ಹಣ್ಣಿನ ಥರ ಅಂತ. ಎಲ್ಲಿ ನೋಡಿದ್ದರೋ ಅಂತ ನಾವು ಕೇಳಲೇ ಇಲ್ಲ" ಅಂದರು. ನಾನು ಆ ಮಾತನ್ನೂ ಅದೇ ಕಾಗದದಲ್ಲಿ, ಊಹೆಯ ಕೆಳಗೆ, ತಾರೀಖು ಹಾಕಿ ಬರೆದೆ.